ವಾಘ್ಯಾನ ಪಾಲು

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ಹೊರಡುತ್ತಿದ್ದ ಮಾತು "ಯಾರು" ಎಂಬುದು. ಹಾಲು ಒಡೆದರೆ ಯಾರು ಮುಟ್ಟಿದವರು, ಬಾವಿಯ ಹಗ್ಗ ಹರಿದರೆ ಯಾರು ಜಗ್ಗಿದವರು, ಉಪ್ಪಿನಕಾಯಿಗೆ ಬೂಸು ಬಂದರೆ ಯಾರು ಹಸಿ ಕೈ ಹಾಕಿದವರು. ಹಾಲು ಬೇಸಿಗೆಗೂ ಒಡೆಯುತ್ತದೆ, ಹಗ್ಗ ಹಳತಾದರೂ ಹರಿಯುತ್ತದೆ ಎಂದು ಯಾರೂ ಅನ್ನುತ್ತಿರಲಿಲ್ಲ. ಒಂದು ಹೆಸರು ಸಿಕ್ಕರೆ ಮನೆಗೆ ಸಮಾಧಾನ. ಆ ಹೆಸರಿನವರು ಒಂದು ಹೊತ್ತು ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕೂರಬೇಕು, ಉಳಿದವರು ನಿಶ್ಚಿಂತೆಯಿಂದ ಉಣ್ಣಬೇಕು. ಭಗವಂತನ ದಯೆ, ಹೆಚ್ಚಿನ ಸಲ ಆ ಹೆಸರು ನನ್ನದಾಗಿರಲಿಲ್ಲ. ಒಂದು ಸಲ ಅದು ಚಂಪತ್ತಿಯದಾಯಿತು. ಅದು ಒಂದು ಹೊತ್ತಿಗೆ ಮುಗಿಯಲಿಲ್ಲ.

ಚಂಪತ್ತಿ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಕಬ್ಬೂರಿಗೆ ಹೋಗಿದ್ದವಳು, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ಶೇಡಬಾಳದ ತವರಿಗೆ ಹಿಂದಿರುಗಿದ್ದಳು. ನಾನು ಹುಟ್ಟುವ ಹೊತ್ತಿಗೆ ಅಡುಗೆಮನೆ ಪೂರ್ತಿ ಅವಳ ಕೈಯಲ್ಲಿತ್ತು. ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಅದರ ಬದಿಗೆ ದೇವರ ಕೋಣೆ, ನಡುವೆ ಹೊಗೆ ಹಿಡಿದ ಅಡುಗೆಮನೆ, ಕಡೆಯಲ್ಲಿ ಹಿತ್ತಲಿಗೆ ಬಾಗಿಲಿದ್ದ ಒಂದು ಕೋಣೆ. ಆ ಕೋಣೆಯ ಅರ್ಧಕ್ಕೆ ಬೇದಾಣೆಯ ಪೆಟ್ಟಿಗೆಗಳು. ಒಣದ್ರಾಕ್ಷಿಗೆ ನಮ್ಮ ಕಡೆ ಬೇದಾಣೆ ಅನ್ನುತ್ತಾರೆ. ಉಳಿದರ್ಧದಲ್ಲಿ ಚಂಪತ್ತಿಯ ಹಾಸಿಗೆ, ಒಂದು ಟ್ರಂಕು, ಗೋಡೆಯ ಮೇಲೆ ಬಾಹುಬಲಿಯ ಪಟ. ಅವಳಿಗೆ ಈ ಭೂಮಿಯ ಮೇಲೆ ಇದ್ದ ಜಾಗ ಅಷ್ಟೇ. ಗಂಡನ ಮನೆಯವರು ಮರಳಿ ಕರೆದಿರಲಿಲ್ಲ, ಕರೆಯುವ ಲಕ್ಷಣವೂ ಇರಲಿಲ್ಲ. ಆ ಅರ್ಧ ಕೋಣೆಯನ್ನು ಉಳಿಸಿಕೊಳ್ಳಲಿಕ್ಕೆ ಅವಳು ಬೆಳಗಿನಿಂದ ಸಂಜೆವರೆಗೂ ದುಡಿಯುತ್ತಿದ್ದಳು ಎಂಬುದು ನನಗೆ ಆಗ ತಿಳಿಯುತ್ತಿರಲಿಲ್ಲ; ಚಂಪತ್ತಿಗೆ ಕೆಲಸವೆಂದರೆ ಪ್ರೀತಿ ಎಂದು ತಿಳಿದಿದ್ದೆ.

ಹೊತ್ತು ಮುಳುಗುವುದರೊಳಗೆ ಉಂಡು, ನೀರು ಕುಡಿದು ಏಳುವ ಜೈನರ ಮನೆ ನಮ್ಮದು. ಸಂಜೆಯಾದರೆ ಅಡುಗೆಮನೆಯಲ್ಲಿ ಒಂದು ಥರದ ಓಟ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಮಣೆ ಹಾಕುತ್ತಿದ್ದೆ, ತಮ್ಮ ಅಂಗಳಕ್ಕೆ ಓಡಿ ಬಿಸಿಲು ಎಲ್ಲಿಗೆ ಬಂತೆಂದು ನೋಡಿ ಕೂಗುತ್ತಿದ್ದ. ಅಪ್ಪ ದ್ರಾಕ್ಷಿ ತೋಟದಿಂದ ಬಂದು ಕೈಕಾಲು ತೊಳೆದು ಕೂತರೆ ಮೊದಲ ತಂಬಿಗೆ ನೀರು ಚಂಪತ್ತಿಯದು. ತಾಟಿಗೆ ನೀಡುವವಳೂ ಅವಳೇ. ಅವ್ವ ಬಡಿಯಬೇಕು, ಅತ್ತಿ ನೀಡಬೇಕು, ಇದು ಕಟ್ಟಳೆ. ಇಬ್ಬರು ಮಕ್ಕಳ ತಾಯಿಯಾಗಿದ್ದರೂ ಅವ್ವ ಅಪ್ಪನ ತಾಟಿಗೆ ಒಂದು ಸೌಟು ಬೇಳೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಒಲೆಯ ಕಡೆ ಮುಖ ಮಾಡಿ ಕೂತ ಅವಳ ಬೆನ್ನಷ್ಟೇ ನಮಗೆ ಊಟದ ಹೊತ್ತಿಗೆ ಕಾಣುತ್ತಿತ್ತು. ಅಪ್ಪ ಹೊಗಳಿದರೂ "ಅಕ್ಕಾ, ಇವತ್ತ ಪಲ್ಯಾ ಚಲೋ ಆಗೇತಿ" ಎನ್ನುತ್ತಿದ್ದ. ಪಲ್ಯ ಮಾಡಿದವಳು ಮುಖ ತಿರುಗಿಸದೆ ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು.

ನೀರು ಸೋಸುವುದರಲ್ಲಿ ಚಂಪತ್ತಿಯ ಹಾಗೆ ಯಾರೂ ಇರಲಿಲ್ಲ. ಎರಡು ಪದರ ಮಾಡಿದ ಬಿಳಿ ಬಟ್ಟೆಯನ್ನು ಹಂಡೆಯ ಬಾಯಿಗೆ ಕಟ್ಟಿ, ಕೊಡವನ್ನು ಬಹಳ ಮೆಲ್ಲಗೆ ಬಗ್ಗಿಸುತ್ತಿದ್ದಳು. ಆಮೇಲೆ ಆ ಬಟ್ಟೆಯನ್ನು ತಿರುಗಿಸಿ, ಸೋಸಿದ ನೀರನ್ನೇ ತುಸು ಸುರಿದು ತೊಳೆದು, ಆ ತೊಳೆದ ನೀರನ್ನು ಮತ್ತೆ ಅದೇ ಬಾವಿಗೆ ಇಳಿಸಿ ಬರುತ್ತಿದ್ದಳು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೇ ಸೇರಬೇಕು ಎಂದು. ನಾನು ಬೇಸರದಿಂದ ಬಚ್ಚಲಿಗೆ ಚೆಲ್ಲಲು ಹೋದರೆ ಕೈ ಹಿಡಿಯುತ್ತಿದ್ದಳು.

"ಸುನಿ, ಅವಕ್ಕೂ ಮನಿ ಇರತೈತಿ. ಅವರ ಮನಿಗಿ ಅವರನ್ನ ಬಿಟ್ಟ ಬಾ."

ವಾಘ್ಯಾ ನಮ್ಮ ನಾಯಿ. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ತೋಟದಲ್ಲಿ ಬೇದಾಣೆ ಒಣಗಿಸುವ ಶೆಡ್ಡಿಗೆ ಕಾವಲಿರಲಿ ಎಂದು ಅಪ್ಪ ಮರಿಯಿದ್ದಾಗ ಚಿಂಚಲಿಯ ಗೆಳೆಯರ ಮನೆಯಿಂದ ತಂದಿದ್ದ. ಅಪ್ಪನಿಗೆ ಅದರ ಮೇಲೆ ನಮ್ಮಿಬ್ಬರಿಗಿಂತ ಹೆಚ್ಚು ಜೀವ ಎಂದು ತಮ್ಮ ಮುಖ ಊದಿಸಿಕೊಳ್ಳುತ್ತಿದ್ದ. ಚಂಪತ್ತಿಗೂ ವಾಘ್ಯಾನಿಗೂ ಮಾತ್ರ ದಿನಾ ಜಗಳ. ಅದು ಹಿತ್ತಲ ಬಾಗಿಲಿನಿಂದ ನುಗ್ಗಿ ಅವಳು ಸೋಸಿಟ್ಟ ನೀರಿಗೆ ಬಾಯಿ ಹಾಕುತ್ತಿತ್ತು. ಮತ್ತೆ ಬಾವಿ, ಮತ್ತೆ ಬಟ್ಟೆ, ಮತ್ತೆ ಹಂಡೆ. ಅವಳು ಬೈಯುತ್ತಿದ್ದಳು, ಅದು ಬಾಲ ಅಲ್ಲಾಡಿಸುತ್ತಿತ್ತು. ರಾತ್ರಿ ಉಳಿದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕುತ್ತಿದ್ದವಳೂ ಅವಳೇ. ಚಂಪತ್ತಿಯ ಹೆಸರು ಬಂದ ಆ ವರ್ಷ ಸುಗ್ಗಿಯ ನಡುವೆ, ಅವಳು ಉಪವಾಸವಿದ್ದ ಚತುರ್ದಶಿಯ ದಿನ, ವಾಘ್ಯಾ ಹಂಡೆಯನ್ನೇ ಉರುಳಿಸಿಬಿಟ್ಟಿತು. ಬೇದಾಣೆಯ ಕಡ್ಡಿ ಬಿಡಿಸಲು ಬಂದ ಹೆಂಗಸರು ಹಿತ್ತಲಲ್ಲಿ ಕೂತಿದ್ದರು. ಅವರ ಮುಂದೆಯೇ ಚಂಪತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದರ ಬಾಯಿಗಿ ಬೆಂಕಿ ಹತ್ತಲಿ! ಎಂದ ಸಾಯ್ತೈತೋ ಏನೋ ಈ ಪೀಡಾ. ಇದ ಸತ್ತ ದಿನ ನೋಡ್ರಿ, ನಿಮಗೆಲ್ಲಾ ಹೋಳಿಗಿ ಮಾಡಿ ಹಾಕತೇನು!"

ಕಡ್ಡಿ ಬಿಡಿಸುವವರಲ್ಲಿ ಮಾತಿಗೆ ಮುಂದಿದ್ದ ಶಾಂತವ್ವ ನಕ್ಕಳು.

"ಹಂಗಾರ ಲಗೂ ಸಾಯಲಿ ಬಿಡ್ರಿ ಚಂಪಕ್ಕಾರ, ಹೋಳಿಗಿ ತಿಂದ ಭಾಳ ದಿನಾ ಆತು."

ಎಲ್ಲರೂ ನಕ್ಕರು. ಚಂಪತ್ತಿಯೂ ನಕ್ಕಳು. ಹಸಿದ ಹೊಟ್ಟೆಯಲ್ಲಿ ಮತ್ತೆ ಕೊಡ ಹಿಡಿದು ಬಾವಿಗೆ ಹೋದಳು.

ಇನ್ನು ಪಾಲಿನ ದಿನದ ಮಾತು ಹೇಳಬೇಕು. ದ್ರಾಕ್ಷಿಯನ್ನು ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಒಣಗಿದ ಮೇಲೆ ಬಲೆ ಅಲುಗಿಸಿ ಕೆಳಗೆ ಬೀಳಿಸಿ, ಕಡ್ಡಿ ಬಿಡಿಸಿ, ಪೆಟ್ಟಿಗೆ ತುಂಬಿ ಸಾಂಗಲಿಯ ಪೇಟೆಗೆ ಕಳಿಸುತ್ತಾರೆ. ಮೊದಲ ಪೆಟ್ಟಿಗೆ ಕಟ್ಟುವ ಮೊದಲು ಪಾಲು ತೆಗೆಯುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. ಮೊದಲ ಮುಟಿಗೆ ಬಸದಿಗೆ, ಎರಡನೆಯದು ಎತ್ತುಗಳಿಗೆ, ಮೂರನೆಯದು ಕಾವಲಿದ್ದ ನಾಯಿಗೆ, ಆಮೇಲೆ ದುಡಿದ ಹೆಂಗಸರಿಗೆ, ಕಡೆಗೆ ಮನೆಯವರಿಗೆ. ದುಡಿದ ಮೂಕ ಜೀವಕ್ಕೆ ಕೊಡದೆ ತಾನು ತಿನ್ನಬಾರದು ಎಂದು ಅಪ್ಪ ನಮಗೆ ಹೇಳಿಕೊಟ್ಟಿದ್ದ. ಅವನ ಬಾಯಿಂದ ನಾನು ಕಲಿತ ಧರ್ಮದ ಮಾತುಗಳಲ್ಲಿ ಇದೂ ಒಂದು. ಅವತ್ತು ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಊಟ. ಪ್ರತಿ ವರ್ಷ ಪಾಲಿನ ದಿನ ಕಳೆದ ಮೇಲೆ ವಾಘ್ಯಾ ಒಂದೆರಡು ದಿನ ಮಂಕಾಗಿ ಮಲಗುತ್ತಿತ್ತು. ಬಿಸಿಲು ಜೋರಾಗಿದೆ ಎಂದು ನಾವು ಅದರ ಮೈಮೇಲೆ ನೀರು ಚಿಮುಕಿಸುತ್ತಿದ್ದೆವು. ಯಾರಿಗೂ ಮತ್ತೇನೂ ಹೊಳೆದಿರಲಿಲ್ಲ.

ಆ ವರ್ಷ ಮಾಲು ಬಹಳ ಚೆನ್ನಾಗಿ ಬಂದಿತ್ತು. ಹಸಿರು ಬಣ್ಣ, ಉದ್ದನೆಯ ಕಾಳು, ಕೈಗೆ ಅಂಟದ ಹಾಗೆ ಒಣಗಿತ್ತು. ಒಂದು ರಾತ್ರಿ ಶೆಡ್ಡಿಗೆ ಬಂದ ಕಳ್ಳರನ್ನು ವಾಘ್ಯಾ ಬೊಗಳಿ ಓಡಿಸಿತ್ತು ಬೇರೆ. ಅಪ್ಪನಿಗೆ ಮುಟಿಗೆಯಲ್ಲಿ ತೃಪ್ತಿಯಾಗಲಿಲ್ಲ. ಎರಡೂ ಕೈಯಿಂದ ಮೊಗೆದು ಹಿತ್ತಾಳೆಯ ತಾಟಿನಲ್ಲಿ ರಾಶಿ ಹಾಕಿ ನಾಯಿಯ ಮುಂದಿಟ್ಟ.

"ತಿನ್ನೋ ಮಗನ, ನಿಂದ ಐತಿ ಇವತ್ತಿನ ಹಬ್ಬ!"

ವಾಘ್ಯಾ ಒಂದು ಕಾಳೂ ಬಿಡದೆ ತಿಂದು ತಾಟು ನೆಕ್ಕಿತು. ನಾವು ಚಪ್ಪಾಳೆ ಹೊಡೆದೆವು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿದ ನೆನಪಿಲ್ಲ. ಒಳಗೆ ಬೆಳಗಿನಿಂದ ಅವ್ವ, ಚಂಪತ್ತಿ ಇಬ್ಬರೂ ಒಲೆ ಬಿಟ್ಟು ಎದ್ದಿರಲಿಲ್ಲ. ಹೋಳಿಗೆಯ ವಾಸನೆ ಬೀದಿಯವರೆಗೂ ಹೋಗಿತ್ತು.

ಸಂಜೆ ಊಟದ ಹೊತ್ತಿಗೆ ವಾಘ್ಯಾ ವಾಂತಿ ಮಾಡಿಕೊಂಡಿತು. ಅಂಗಳದಲ್ಲಿ ಬಿದ್ದದ್ದು ಬೇದಾಣೆಯೇ, ನೀರು ಕುಡಿದು ಉಬ್ಬಿದ ಕಾಳುಗಳು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ನಮ್ಮೆಲ್ಲರ ಕಣ್ಣ ಮುಂದೆ ಬಿದ್ದಿದ್ದವು. ಅಜ್ಜಿ, ಅಂದರೆ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ನೋಡಿ ಮರುಗಿದಳು. "ಅಯ್ಯೋ ಪಾಪ, ಪಾಲಿನದ ಸೈತ ಹೊಟ್ಟ್ಯಾಗ ನಿಲ್ಲಲಿಲ್ಲ." ಅವ್ವ ಅದರ ಮೇಲೆ ಬೂದಿ ಹಾಕಿ ಬಳಿದು, ಸೆಗಣಿ ನೀರಿನಿಂದ ಸಾರಿಸಿದಳು. ಅಲ್ಲಿಗೆ ಅದು ಮುಗಿಯಿತು.

ಮರುದಿನ ಅದು ಏಳಲಿಲ್ಲ. ಮತ್ತೆ ಮತ್ತೆ ವಾಂತಿ, ಬರೀ ನೊರೆ. ಅಪ್ಪ ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದ. ಬಂದವರೆಲ್ಲ ಒಂದೊಂದು ಹೇಳಿದರು, ಹೇಳಿದ್ದನ್ನೆಲ್ಲ ಅದರ ಬಾಯಿಗೆ ಸುರಿದದ್ದಾಯಿತು. ಮಜ್ಜಿಗೆ, ಹುಣಸೆಹಣ್ಣಿನ ನೀರು, ಬೇವಿನ ರಸ, ಕಡೆಗೆ ಉಪ್ಪು ಕಲಸಿದ ನೀರು. ಉಪ್ಪು ನೀರು ಕುಡಿಸುವಾಗ ತಲೆ ಹಿಡಿದವಳು ಚಂಪತ್ತಿ. ನಾಯಿ ಕೆಮ್ಮಿದಾಗ ಅವಳ ಸೀರೆಯೆಲ್ಲ ಒದ್ದೆಯಾಯಿತು, ಅವಳು ಬಿಡಲಿಲ್ಲ. ಆಮೇಲೆ ಅದಕ್ಕೆ ಉಚ್ಚೆಯೇ ಹೋಗಲಿಲ್ಲ. ದನದ ಡಾಕ್ಟರನ್ನು ಕೇಳೋಣವೇ ಎಂದು ಅವ್ವ ಅಂದದ್ದಕ್ಕೆ, ನಾಯಿಗಾಗಿ ಯಾರು ಬರುತ್ತಾರೆ ಎಂದು ಅಪ್ಪನೇ ತಲೆ ಅಲ್ಲಾಡಿಸಿದ. ಬಾಯಿಂದ ಒಂದು ಥರದ ಕೆಟ್ಟ ವಾಸನೆ ಬರತೊಡಗಿತು. ಅದನ್ನು ಮೂಸಿ ಆಯಿ ಹಿಂದೆ ಸರಿದಳು.

"ಇದು ಬ್ಯಾನಿ ಅಲ್ಲೋ ಬಾಬು. ಯಾರೋ ಏನೋ ಹಾಕ್ಯಾರ."

"ಯಾರ ಹಾಕತಾರ ಆಯಿ? ನಮ್ಮ ಮ್ಯಾಲೆ ಯಾರಿಗಿ ದ್ವೇಷಾ ಐತಿ?"

ಬಾಗಿಲಲ್ಲಿ ನಿಂತಿದ್ದ ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾ ಅಂದ್ನಿ ಅಂತ ಸಿಟ್ಟಾಗಬ್ಯಾಡ್ರಿ ಅಣ್ಣಾರ. ಚಂಪಕ್ಕಾರ ಅಂದಿದ್ರಲ್ರಿ, ಇದ ಸತ್ತ ದಿನ ಹೋಳಿಗಿ ಮಾಡತೇನು ಅಂತ. ನಗಚಾಟಿಕಿಗಿ ಅಂದಿದ್ರು ಬಿಡ್ರಿ. ಆದ್ರ ನಿನ್ನಿ ಹೋಳಿಗಿನೂ ಆತು, ಇದೂ ಹಿಂಗಾತು..."

ಹೋಳಿಗೆ ಪ್ರತಿ ವರ್ಷವೂ ಆಗುತ್ತಿತ್ತು. ಶಾಂತವ್ವನೇ ಪ್ರತಿ ವರ್ಷ ಉಂಡು, ಮನೆಗೂ ಕಟ್ಟಿಕೊಂಡು ಹೋಗುತ್ತಿದ್ದಳು. ಆದರೆ ಆ ಮಾತು ನೆಲಕ್ಕೆ ಬಿದ್ದದ್ದೇ ಎಲ್ಲರ ಮುಖ ಹಿಂದಿನ ಕೋಣೆಯ ಕಡೆ ತಿರುಗಿತು. ಆಮೇಲೆ ಒಂದಕ್ಕೊಂದು ಕೂಡುತ್ತ ಹೋಯಿತು. ಇಲಿಗಳು ತನ್ನ ಸೀರೆ ಕಡಿಯುತ್ತಿವೆ ಎಂದು ಚಂಪತ್ತಿ ಹೇಳಿದ್ದಳಲ್ಲ? ಜೀವ ಕೊಲ್ಲಬಾರದೆಂದು ಅಪ್ಪ ಬೋನು ತಂದುಕೊಟ್ಟಿದ್ದ. ಬೋನು ಸಾಲದೆ ಅವಳು ಯಾರ ಕೈಯಿಂದಲಾದರೂ ಇಲಿ ಪಾಷಾಣ ತರಿಸಿರಬಾರದೇಕೆ? ಅವಳು ನೀರಿಗೆ ಹೋದಾಗ ಅಪ್ಪನೇ ಅವಳ ಟ್ರಂಕು ತೆಗೆಸಿ ನೋಡಿಸಿದ. ಎರಡು ಸೀರೆ, ಜಪಮಾಲೆ, ಗಂಡನ ಒಂದು ಟೋಪಿ. ಪಾಷಾಣ ಸಿಗಲಿಲ್ಲ. ಸಿಗದಿದ್ದದ್ದೂ ಅವಳ ಮೇಲೆಯೇ ಬಂತು: ಎಲ್ಲೋ ಒಗೆದಿದ್ದಾಳೆ.

ಮೂರನೆಯ ಬೆಳಗ್ಗೆ ವಾಘ್ಯಾ ಸತ್ತಿತು. ಅಪ್ಪ ಅದನ್ನು ಶೆಡ್ಡಿನ ಬದಿಯಲ್ಲಿ ತಾನೇ ಗುಂಡಿ ತೋಡಿ ಹೂಳಿ, ಮೇಲೆ ಒಂದು ಮುಟಿಗೆ ಬೇದಾಣೆ ಚೆಲ್ಲಿ ಬಂದ. ಆಯಿ ಚಂಪತ್ತಿಯನ್ನು ದೇವರ ಕೋಣೆಗೆ ಕರೆದಳು. ಎಷ್ಟೆಂದರೂ ಹೆತ್ತವಳು, ಮಗಳನ್ನು ಉಳಿಸುವ ದಾರಿ ಅವಳಿಗೆ ಅದೊಂದೇ ಕಂಡಿತ್ತು.

"ಚಂಪಾ, ಬಸದಿಗಿ ಹೋಗಿ ಸ್ವಾಮಿ ಮುಂದ ಆಣಿ ಮಾಡಿಬಿಡು ಬೇ. ನಾ ಹಾಕಿಲ್ಲ ಅಂತ ಒಂದ ಮಾತ ಅಂದ್ರ ಮುಗೀತಲ್ಲ."

"ನಾ ಮನ್ಯಾಗ ಅಂದೇನಲ್ಲ ಆಯಿ, ಹಾಕಿಲ್ಲ ಅಂತ."

"ಮನ್ಯಾಗ ಅನ್ನೂದ ಬ್ಯಾರೆ, ಬಸದ್ಯಾಗ ಅನ್ನೂದ ಬ್ಯಾರೆ."

"ನಾಯಿ ಸತ್ತದ್ದಕ್ಕ ದೇವರನ್ನ ಸಾಕ್ಷಿ ಕರೀಲಿ ಏನು? ಇಷ್ಟ ವರ್ಷ ನನ್ನ ಕೈಲೆ ನೀರ ಕುಡದೀರಿ. ಅದ ಸಾಕ್ಷಿ ಆಗಲಿಲ್ಲ ಅಂದ್ರ, ನಾ ಆಣಿ ಮಾಡಿದ್ರೂ ನಂಬೂದಿಲ್ಲ ನೀವು."

ಅವಳು ಹೋಗಲಿಲ್ಲ. ಆಣೆಗೆ ಹೆದರಿದಳು ಎಂದು ಅದಕ್ಕೆ ಅರ್ಥ ಬಂತು.

ಅವತ್ತಿನ ಸಂಜೆಯ ಊಟ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಬಂದು ಮಣೆಯ ಮೇಲೆ ಕೂತ. ಚಂಪತ್ತಿ ತಂಬಿಗೆ ತುಂಬಿ ತಂದು ಅವನ ಮುಂದೆ ಹಿಡಿದಳು. ಅಪ್ಪ ಕೈ ಚಾಚಲಿಲ್ಲ. ಅವಳ ಮುಖ ನೋಡಲಿಲ್ಲ. ಒಲೆಯ ಕಡೆ ತಿರುಗಿ, ಅವ್ವನ ಬೆನ್ನಿಗೆ ಹೇಳಿದ.

"ನೀ ನೀಡು."

ಅಷ್ಟೇ. ಬೈಗುಳವಿಲ್ಲ, ಗದರಿಕೆಯಿಲ್ಲ. ಅವ್ವ ರೊಟ್ಟಿಯ ಹಿಟ್ಟು ಹತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದಳು. ಇನ್ನೊಂದು ತಂಬಿಗೆ ತುಂಬಿ ತಂದಿಟ್ಟಳು. ಚಂಪತ್ತಿ ತನ್ನ ತಂಬಿಗೆಯನ್ನು ಹಿಡಿದೇ ನಿಂತಿದ್ದಳು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ. ಅಪ್ಪ ಅವ್ವನ ನೀರು ಕುಡಿಯುವುದನ್ನು ಪೂರ್ತಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಆ ನೀರನ್ನು ತುಳಸಿಗೂ ಹಾಕಲಿಲ್ಲ, ಬಚ್ಚಲಿಗೂ ಚೆಲ್ಲಲಿಲ್ಲ, ಬಾವಿಗೆ ಇಳಿಸಿ ಬಂದಳು.

ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ಹೋಗು ಎಂದು ಒಬ್ಬರೂ ಅನ್ನಲಿಲ್ಲ. ಈಗಲೂ ನಮ್ಮವರು ಅದನ್ನೇ ಹೇಳಿಕೊಳ್ಳುತ್ತಾರೆ. ಆದರೆ ಅಪ್ಪ ಅವಳ ಕೈಯ ನೀರು ಮುಟ್ಟಲಿಲ್ಲ, ಅಪ್ಪ ಮುಟ್ಟದ್ದನ್ನು ಉಳಿದವರೂ ಮೆಲ್ಲಗೆ ಬಿಟ್ಟರು. ಅವಳು ಸೋಸಿದ ಹಂಡೆ ಹಾಗೇ ತುಂಬಿರುತ್ತಿತ್ತು. ಮಳೆ ಶುರುವಾಗುವ ಮೊದಲೇ ಅವಳು ಟ್ರಂಕು ಎತ್ತಿಕೊಂಡು, ತನ್ನನ್ನು ಬೇಡವೆಂದಿದ್ದ ಕಬ್ಬೂರಿನ ಮನೆಗೇ ಹೊರಟಳು. ಬಸ್ಸಿನವರೆಗೆ ನಾನು ಹೋಗಿದ್ದೆ. ನೀರು ಸೋಸುವ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು.

"ಅತ್ತಿ, ಹೋಗಬ್ಯಾಡ. ನಾ ಕುಡೀತೇನಿ ನಿನ್ನ ಕೈ ನೀರು."

"ನೀ ಕುಡೀತಿ, ನನಗ ಗೊತ್ತೈತಿ." ಅವಳು ನನ್ನ ಕೂದಲು ಸರಿಮಾಡಿದಳು. "ಒಂದ ಮಾತ ನೆಪ್ಪಿಡು ಸುನಿ. ಮತ್ತೊಬ್ಬರ ಮನ್ಯಾಗ ಇರಾಕಿ ಸಿಟ್ಟಿನಾಗ ಸೈತ ನೋಡಿ ಮಾತಾಡಬೇಕ. ಮನಿ ನಿಂದ ಇದ್ರ ಬೈದದ್ದು ಬೈಗಳಾಗತೈತಿ. ಇರಲಿಲ್ಲ ಅಂದ್ರ ಸಾಕ್ಷಿ ಆಗತೈತಿ."

ನಾನು ಎಂಥವಳು ಎಂದು ಯಾರಾದರೂ ಕೇಳಿದರೆ, ಆ ಬಸ್ಸಿನ ಬಾಗಿಲಲ್ಲಿ ಆದವಳು ಎನ್ನಬೇಕು. ನಿಪ್ಪಾಣಿಗೆ ಸೊಸೆಯಾಗಿ ಬಂದ ಮೇಲೆ ನಾನು ಜೋರಾಗಿ ಬೈದದ್ದಿಲ್ಲ. ಬೆಕ್ಕಿಗೂ ಸಾಯಿ ಅಂದವಳಲ್ಲ. ಅತ್ತೆ, ಮಾವ, ನೆರೆಯವರು ಎಲ್ಲರೂ ಸುನಂದಾ ಬಹಳ ಶಾಂತ ಎಂದು ಹೊಗಳಿದರು. ಅದು ಶಾಂತಿಯಲ್ಲ, ಎಚ್ಚರ. ಬಾಯಿಗೆ ಬಂದ ಮಾತನ್ನು ಮೊದಲು ಬಟ್ಟೆಯಲ್ಲಿ ಸೋಸುತ್ತೇನೆ, ಉಳಿದದ್ದನ್ನು ಯಾವ ಬಾವಿಗೆ ಬಿಡಬೇಕೆಂದು ತಿಳಿಯದೆ ಒಳಗೇ ಇಟ್ಟುಕೊಳ್ಳುತ್ತೇನೆ. ಗಂಡ ಒಳ್ಳೆಯವರು ಸಿಕ್ಕರು, ಮಗ ಕಣ್ಣ ಮುಂದೆ ಇದ್ದಾನೆ, ಮೊಣಕಾಲುಗಳು ಇನ್ನೂ ಬಸದಿಯ ಮೆಟ್ಟಿಲು ಹತ್ತುತ್ತವೆ. ಸ್ವಾಮಿ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ. ಆದರೆ ಕಸಿದುಕೊಂಡದ್ದನ್ನೂ ಮರೆಯುವುದಿಲ್ಲ.

ಚಂಪತ್ತಿ ಕಬ್ಬೂರಿನಲ್ಲಿ ಮೈದುನನ ಮನೆಯ ದನದ ಕೊಟ್ಟಿಗೆಯ ಪಕ್ಕದಲ್ಲಿ ಇದ್ದಳು. ಆ ಮನೆಯ ಮಕ್ಕಳನ್ನು ಬೆಳೆಸಿದಳು, ಮುದುಕಿ ಅತ್ತೆಯ ಹಾಸಿಗೆ ತೊಳೆದಳು. ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದ ಮರುದಿನ ಕ್ಷಮಾವಣಿ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಎಲ್ಲ ಜೀವಗಳ ಕ್ಷಮೆ ಕೇಳುವ ದಿನ. ಅಪ್ಪ ಬಿಳಿ ಧೋತರ ಉಟ್ಟು ಊರ ತುಂಬ ಕೈ ಮುಗಿಯುತ್ತಿದ್ದ. ನೆಲದ ಇರುವೆಗೂ ನಮ್ಮ ಮನೆಯಿಂದ ಕ್ಷಮೆ ಹೋಗುತ್ತಿತ್ತು, ಕಬ್ಬೂರಿಗೆ ಹೋಗುತ್ತಿರಲಿಲ್ಲ. ಅವಳು ಸತ್ತ ಸುದ್ದಿ ಬಂದಾಗ ಅಪ್ಪ ಹೋದ, ದಹನ ಮುಗಿಸಿ ಬಂದ. ಪಡಸಾಲೆಯಲ್ಲಿ ಕೂತು, "ಏನ ಮಾಡಿದ್ರೂ ನಮ್ಮಕ್ಕ. ನಾ ಮನಸಿನಾಗ ಇಟ್ಟಕೊಂಡಿಲ್ಲ" ಅಂದ. ಅಂದರೆ ಅವನು ಅವಳನ್ನು ಕ್ಷಮಿಸಿದ್ದ. ಕೆಲವು ವರ್ಷದಲ್ಲಿ ಅವನೂ ಹೋದ. ಹಾಗೇ ತಿಳಿದುಕೊಂಡು ಹೋದ.

ಈಗ ಮೊನ್ನೆಯ ಮಾತು. ನಿಪ್ಪಾಣಿಯ ನಮ್ಮ ಮನೆಯಲ್ಲಿ ಸೊಸೆ ಪೂಜಾ ಸಾಕಿದ ನಾಯಿಯಿದೆ, ಟಾಮಿ ಎಂದು, ಸಣ್ಣ ಜಾತಿಯದು, ಸೋಫಾದ ಮೇಲೆ ಮಲಗುವಂಥದು. ಶೇಡಬಾಳದಿಂದ ಅವ್ವ ಈ ವರ್ಷದ ಹೊಸ ಬೇದಾಣೆ ಕಳಿಸಿದ್ದಳು. ನಾವು ಬಸದಿಯಿಂದ ಬರುವುದರೊಳಗೆ ಟಾಮಿ ಚೀಲ ಹರಿದು ತಿಂದಿತ್ತು. ನಾನು ನಕ್ಕು, ತಿನ್ನಲಿ ಬಿಡು, ಹೊಸ ಮಾಲು, ಅದರ ಪಾಲೂ ಇರಲಿ ಎನ್ನುವವಳಿದ್ದೆ. ಪೂಜಾಳ ಮುಖ ಬಿಳಿಚಿಕೊಂಡಿತು. ಆಗಲೇ ಫೋನು ಕಿವಿಯಲ್ಲಿತ್ತು. ಅದು ವಾಂತಿ ಮಾಡಲೆಂದು ನಾನು ಉಪ್ಪು ನೀರು ಕಲಸಲು ಹೋದರೆ ಸೊಸೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅತ್ತಿ, ಡಾಕ್ಟರು ಮನ್ಯಾಗ ಏನೂ ಕುಡಸಬ್ಯಾಡ್ರಿ ಅನ್ನಾಕತ್ಯಾರ. ಉಳದಿದ್ದ ಚೀಲಾ ಸುದ್ದಾ ತಗೊಂಡ ಲಗೂ ಬರ್ರಿ ಅಂತ."

ನಾಯಿಗಳ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮೇಜಿನ ಮೇಲೆ ಟಾಮಿಯನ್ನು ಹಿಡಿದುಕೊಂಡೇ ಕೇಳಿದಳು: ಏನು ತಿಂದಿದೆ, ಎಷ್ಟು ತಿಂದಿರಬಹುದು, ತಿಂದು ಎಷ್ಟು ಹೊತ್ತಾಯಿತು. ಚೀಲವನ್ನು ಕೈಯಲ್ಲಿ ತೂಗಿ ನೋಡಿದಳು. ನಾನು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದೆ, ಚೀಲ ಕೆಳಗೆ ಇಟ್ಟವರು ಯಾರು ಎಂಬುದಕ್ಕೆ. ಇಟ್ಟವಳು ಪೂಜಾ. ಆ ಪ್ರಶ್ನೆ ಬರಲೇ ಇಲ್ಲ. ಸೂಜಿ ಚುಚ್ಚಿ ವಾಂತಿ ಮಾಡಿಸಿದಳು. ಉಬ್ಬಿದ ಕಾಳುಗಳು ತಟ್ಟೆಗೆ ಬಿದ್ದವು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತ. ನಾನು ಕುರ್ಚಿಯ ಮೇಲೆ ಕೂತೆ.

"ಬೇದಾಣಿ ತಿಂದ್ರ ಏನ ಆಗತೈತ್ರಿ ಬಾಯಾರ? ನಾವೆಲ್ಲಾ ತಿಂತೇವಲ್ರಿ."

"ನಮಗ ಏನೂ ಆಗಂಗಿಲ್ರಿ. ನಾಯಿಗಿ ಮಾತ್ರ ದ್ರಾಕ್ಷಿ, ಬೇದಾಣಿ ಎರಡೂ ವಿಷಾನ. ಕೆಲವು ನಾಯಿ ತಡಕೊಂತಾವ, ಕೆಲವಕ್ಕ ಒಂದ ಮುಟಿಗಿ ಸಾಕು. ಮೂತ್ರಪಿಂಡ ಕೆಡತಾವ, ಉಚ್ಚಿ ನಿಂದರತೈತಿ, ಎರಡ ಮೂರ ದಿನದಾಗ ಹೋಗಿಬಿಡತೈತಿ. ನೀವು ಲಗೂ ತಂದಿದ್ದು ಪುಣ್ಯಾ."

ಸಲಾಯಿನು ಹಚ್ಚಿ ಟಾಮಿಯನ್ನು ಅಲ್ಲೇ ಇಟ್ಟುಕೊಂಡರು. ಅದು ಬದುಕಿತು. ಅದಕ್ಕೂ ಸ್ವಾಮಿಗೆ ಕೈ ಮುಗಿದೆ.

ಅದು ಮನೆಗೆ ಬಂದ ಮರುದಿನ ನಾನು ಶೇಡಬಾಳದ ಬಸ್ಸು ಹತ್ತಿದೆ. ತಮ್ಮ ತೋಟಕ್ಕೆ ಹೋಗಿದ್ದ, ಅವನ ಹೆಂಡತಿ ತವರಿಗೆ ಹೋಗಿದ್ದಳು. ಅವ್ವ ಒಬ್ಬಳೇ ಹಿತ್ತಲ ಬಾಗಿಲಲ್ಲಿ ಮೊರದ ತುಂಬ ಬೇದಾಣೆ ಇಟ್ಟುಕೊಂಡು ಕಡ್ಡಿ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಕಡ್ಡಿ ತಪ್ಪುವುದಿಲ್ಲ. ನಾನು ಎದುರು ಕೂತೆ. ಎಷ್ಟೋ ಸೋಸಿ ಇಟ್ಟುಕೊಂಡು ಬಂದಿದ್ದೆ, ಒಂದೇ ಸಲಕ್ಕೆ ಬಾಯಿಂದ ಬಂದುಬಿಟ್ಟಿತು.

"ಅವ್ವಾ, ವಾಘ್ಯಾ ಸತ್ತಿದ್ದು ಬೇದಾಣಿ ತಿಂದು. ಅಪ್ಪಾ ಹಾಕಿದ ಪಾಲ ತಿಂದು. ನಾಯಿಗಿ ಇದು ವಿಷಾ ಅಂತ."

"ಯಾರ ಅಂದ್ರು?"

"ಡಾಕ್ಟರು ಅಂದ್ರು. ಚಂಪತ್ತಿ ಏನೂ ಹಾಕಿದ್ದಿಲ್ಲ."

ಅವ್ವನ ಬೆರಳು ನಿಲ್ಲಲಿಲ್ಲ. ಒಂದು ಕಡ್ಡಿ, ಇನ್ನೊಂದು ಕಡ್ಡಿ.

"ಅವರು ಹಾಕಿದ್ದಿಲ್ಲಂತ ನನಗ ಅವತ್ತ ಗೊತ್ತಿತ್ತು."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನಿಸಿತು.

"ಹೆಂಗ ಗೊತ್ತಿತ್ತು?"

"ಬೆಳಗಿನಿಂದ ನನ್ನ ಮಗ್ಗಲದಾಗ ಇದ್ರಲ್ಲ ಒಲಿ ಮುಂದ. ಅವರು ಹೂರಣ ರುಬ್ಬಿದ್ರು, ನಾ ಲಟ್ಟಸಿದ್ನಿ. ನೀರ ಕುಡಿಯಾಕ ಸೈತ ಎದ್ದಿದ್ದಿಲ್ಲ. ಯಾವಾಗ ಹಾಕತಾರ?"

"ಮತ್ತ ಯಾಕ ಅನಲಿಲ್ಲವ್ವಾ?"

"ನನ್ನ ಯಾರ ಕೇಳಿದ್ರು?"

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಅದನ್ನೇ ನಂಬಿಕೊಂಡು ಬರುತ್ತಿದ್ದೆ. ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದು ಸುಳ್ಳಲ್ಲ. ಆದರೆ ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವತ್ತ ಸಂಜಿಕ ನಿಮ್ಮಪ್ಪ 'ನೀ ನೀಡು' ಅಂದ್ರು. ಮದವಿ ಆಗಿ ಬಂದ ಮ್ಯಾಲೆ ಮೊದಲನೇ ಸಲ ಅಂದಿದ್ರು. ಹಿಟ್ಟಿನ ಕೈಲೆ ಹಂಗ ಎದ್ದಿದ್ನಿ ಸುನಿ. ಈಗ ಬಾಯಿ ತಗದ್ರ ಮತ್ತ ಒಲಿ ಮುಂದ ಕುಂದರಬೇಕಾಗತೈತಿ ಅನಸ್ತು. ಇವತ್ತೊಂದ ದಿನ ನೀಡತೇನಿ, ನಾಳೆ ಹೇಳತೇನಿ ಅಂದ್ನಿ. ನಾಳೆ ಅಂದ್ನಿ, ಮತ್ತ ನಾಳೆ ಅಂದ್ನಿ. ಅಷ್ಟರಾಗ ಅವರು ಬಸ್ಸ ಹತ್ತಿದ್ರು."

ನನಗೆ ಅಳು ಬರಲಿಲ್ಲ. ಬಾಯಲ್ಲಿ ಬೇವಿನ ರಸ ಇಟ್ಟುಕೊಂಡ ಹಾಗಿತ್ತು. ಅಪ್ಪ ತಿಳಿಯದೆ ಮಾಡಿದ್ದ. ಆಯಿ ಹೆದರಿ ಮಾಡಿದ್ದಳು. ಶಾಂತವ್ವ ಬಾಯಿ ಚಪಲಕ್ಕೆ ಮಾಡಿದ್ದಳು. ತಿಳಿದೂ ಸುಮ್ಮನಿದ್ದವಳು ನನಗೆ ಜೀವ ಕೊಟ್ಟವಳು, ಅದೂ ಒಂದು ತಂಬಿಗೆ ನೀರು ನೀಡುವ ಅಧಿಕಾರಕ್ಕಾಗಿ. ಬೈಯಬೇಕೆಂದರೆ ಆ ಬೆನ್ನು ನೆನಪಾಗುತ್ತಿತ್ತು, ವರ್ಷಗಟ್ಟಲೆ ನಮಗೆ ಕಂಡ ಆ ಬೆನ್ನು. ಅಯ್ಯೋ ಎನ್ನಬೇಕೆಂದರೆ ಕೊಟ್ಟಿಗೆಯ ಪಕ್ಕದ ಹಾಸಿಗೆ ನೆನಪಾಗುತ್ತಿತ್ತು. ಒಂದು ಮನೆಯಲ್ಲಿ ಇಬ್ಬರು ಹೆಂಗಸರಿಗೆ ಸಾಲುವಷ್ಟು ಮರ್ಯಾದೆಯೂ ಇರಲಿಲ್ಲವೇ ಎಂದು ಕೇಳಲು ಈಗ ಅಲ್ಲಿ ಯಾರೂ ಉಳಿದಿಲ್ಲ.

ಬಿಸಿಲು ಹಿತ್ತಲ ಗೋಡೆಯ ಮೇಲಕ್ಕೆ ಏರಿತ್ತು. ಅವ್ವ ಗೋಡೆ ಹಿಡಿದುಕೊಂಡು ಎದ್ದಳು.

"ಹೊತ್ತ ಮುಳಗಾಕತ್ತೈತಿ. ರೊಟ್ಟಿ ಮಾಡಿಟ್ಟೇನಿ. ಏಳು, ಉಣ್ಣು."

ಒಳಗೆ ಹೋಗಿ ಕೂತೆ. ಅವಳು ತಾಟು ಇಡುವ ಮೊದಲು ತಂಬಿಗೆ ತುಂಬಿ ತಂದು ನನ್ನ ಮುಂದೆ ಹಿಡಿದಳು. ನಾನು ತಕ್ಷಣ ಕೈ ಚಾಚಲಿಲ್ಲ. ಬೇಕೆಂದೇ ಚಾಚಲಿಲ್ಲ. ಅವ್ವ ತಂಬಿಗೆ ಹಿಡಿದೇ ನಿಂತಳು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ. ನಾನು ಕುಡಿಯುತ್ತೇನೋ ಇಲ್ಲವೋ ಎಂದು ಮಂಜುಗಣ್ಣಿನಿಂದ ನನ್ನ ಮುಖವನ್ನೇ ಹುಡುಕುತ್ತಿದ್ದಳು. ಈ ಅಡುಗೆಮನೆಯಲ್ಲಿ ಹೀಗೆ ನಿಂತ ಇನ್ನೊಬ್ಬಳನ್ನು ನಾನು ನೋಡಿದ್ದೆ, ಅವ್ವನೂ ನೋಡಿದ್ದಳು.

ಇಸಿದುಕೊಂಡೆ. ಪೂರ್ತಿ ಕುಡಿದು ಖಾಲಿ ತಂಬಿಗೆ ತಿರುಗಿ ಕೊಟ್ಟೆ. ಕ್ಷಮಿಸಿದೆ ಎಂದಲ್ಲ. ಹೊತ್ತು ಮುಳುಗಲು ಇನ್ನೂ ಒಂದಿಷ್ಟು ಬೆಳಕಿತ್ತು, ಅದಕ್ಕೆ.